ಲಕೋಟೆ ಒಡೆದದ್ದು ನಾನೇ

ಸೌದಿಯ ಜುಬೈಲ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಅಮೆರಿಕದ ಟೆಕ್ಸಾಸಿನಿಂದ ಬಂದವರು. ಮೂಲ ಮೆಕ್ಸಿಕೊ, ಮನೆಯೊಳಗೆ ಸ್ಪ್ಯಾನಿಷ್ ಮಾತು. ಆ ಹೆಂಗಸಿಗೆ ಇಂಗ್ಲಿಷ್ ನನಗೆ ಬರುವಷ್ಟೇ ಬರುತ್ತಿತ್ತು, ಅಂದರೆ ಅಷ್ಟಕ್ಕಷ್ಟೆ. ಇಗರ್ಜಿಯಿಲ್ಲದ ಆ ಊರಲ್ಲಿ ಶುಕ್ರವಾರ ಅವಳ ಅಡುಗೆಮನೆಯಲ್ಲಿ ಕುಳಿತು ಜಪಮಾಲೆ ಹೇಳುತ್ತಿದ್ದೆವು, ಅವಳು ಅವಳ ಭಾಷೆಯಲ್ಲಿ, ನಾನು ಕೊಂಕಣಿಯಲ್ಲಿ. ಜೊತೆಗೊಬ್ಬಳು ಸಿಕ್ಕಿದ್ದೇ ದೇವರ ಕೃಪೆ ಎಂದುಕೊಂಡಿದ್ದೆ.

ಅವಳ ಗಂಡ ವೆಲ್ಡಿಂಗ್ ಫೋರ್‌ಮನ್. ಮಗಳು ಬಹರೇನ್‌ನ ಬೋರ್ಡಿಂಗ್ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸುವುದರಲ್ಲಿದ್ದಳು. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಿಲ್ಲ, ಅಜ್ಜಿ ಹತ್ತಿ ಬಿಡಿಸಿ ಬದುಕಿದವಳು. ಹುಡುಗಿ ತಮ್ಮ ಊರಿನದೇ ಒಂದು ಕಾಲೇಜನ್ನು ಆರಿಸಿಕೊಂಡಿದ್ದಳು. ಅಲ್ಲಿ ಅರ್ಧಕ್ಕರ್ಧ ಇಂಥ ಮನೆಗಳ ಮಕ್ಕಳೇ ಅಂತೆ. ಈ ವರ್ಷ ಸೀಟು ಸಿಗದಿದ್ದರೆ ಸೋದರತ್ತೆಯ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಬೇಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

ನನ್ನ ಯಜಮಾನರು ಗುರುವಾರ ದಮ್ಮಾಮಿನ ಅಂಚೆಗೆ ಹೋಗುತ್ತಿದ್ದರು. ಅವರ ಕೈಲಿ ಕಳಿಸಲೆಂದು ಅವಳು ಅರ್ಜಿಯನ್ನೂ ಶಾಲೆಯಿಂದ ಬಂದ ಅಂಟಿಸಿದ ಲಕೋಟೆಯನ್ನೂ ನನಗೆ ಕೊಟ್ಟಳು. ಒಳಗೆ ಮಗುವಿನ ಅಂಕಪಟ್ಟಿ ಇದೆ ಎಂದಳು. ಒಂದೇ ಒಂದು ಅಸಲು ಕಾಗದವನ್ನು ಅಷ್ಟು ದೂರದ ಟಪ್ಪಾಲಿಗೆ ಹಾಕುವುದೇ? ನಮ್ಮ ಕಡೆ ಯಾರಾದರೂ ಹಾಗೆ ಮಾಡುತ್ತಾರೆಯೇ? ಲಕೋಟೆ ಒಡೆದೆ. ಯಜಮಾನರಿಂದ ಆಫೀಸಿನಲ್ಲಿ ಜೆರಾಕ್ಸ್ ತೆಗೆಸಿ, ನಮ್ಮವರೇ ಒಬ್ಬ ಎಂಜಿನಿಯರ್ ಕೈಲಿ 'ನಿಜ ಪ್ರತಿ' ಎಂದು ಸಹಿ, ಸೀಲು ಹಾಕಿಸಿ, ಆ ಪ್ರತಿಯನ್ನು ಕಳಿಸಿದೆ. ಅಸಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಶುಕ್ರವಾರ ಅವಳ ಕೈಗಿಟ್ಟೆ.

ಅವಳು ಜಪಮಾಲೆ ಕೆಳಗಿಟ್ಟಳು. ಶಾಲೆ ಅಂಟಿಸಿದ್ದನ್ನು ಕಾಲೇಜಿನವರೇ ಒಡೆಯಬೇಕು, ಬೇರೆಯವರು ಒಡೆದರೆ ಅದು ಲೆಕ್ಕಕ್ಕಿಲ್ಲ ಎಂದು ನಿಧಾನವಾಗಿ ತಿಳಿಸಿದಳು. ಕೊನೆಯ ದಿನಕ್ಕೆ ಎಂಟು ದಿನವಿತ್ತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಯಜಮಾನರು ಮಾತ್ರ ಬಿಡಲಿಲ್ಲ. "ಎಂತ ಮಾರಾಯ್ತಿ, ಪೋಸ್ಟು ಮಾಡು ಅಂದ್ರೆ ನೀನು ತಹಶೀಲ್ದಾರನ ಕೆಲಸ ಮಾಡಿದ್ದಾ?"

"ಸೀಲು ಹಾಕಿಸಿದ್ದು ಯಾರು ಮತ್ತೆ?" ಎಂದೆ.

ಮರುದಿನವಿಡೀ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬಹರೇನ್‌ನ ಶಾಲೆಯಿಂದ ಇನ್ನೊಂದು ಪ್ರತಿ ನೇರವಾಗಿ ಕಾಲೇಜಿಗೆ ಹೋಗಬಹುದು, ಆದರೆ ಎಂಟು ದಿನದಲ್ಲಿ ಮುಟ್ಟುವುದುಂಟೇ? ಗಂಟೆಗೊಮ್ಮೆ ಹೋಗಿ ಬೇಲಿಯಾಚೆ ಇಣುಕುತ್ತಿದ್ದೆ.

ಸೋಮವಾರ ಸಂಜೆ ಅವಳೇ ಕರೆದಳು. ಕಾಲೇಜಿಗೆ ಫೋನು ಮಾಡುತ್ತೇನೆ, ಪಕ್ಕದಲ್ಲಿರು ಎಂದಳು. ಕಂಪನಿಯ ಕ್ಲಿನಿಕ್ಕಿಗೂ ಗಂಡನಿಂದಲೇ ಫೋನು ಮಾಡಿಸುತ್ತಿದ್ದವಳು. ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು. ಎರಡು ಸಾಲು ಓದಿದಳು, ತಡವರಿಸಿದಳು. ಅಷ್ಟರಲ್ಲಿ ಆ ಕಡೆಯಿಂದ ಸ್ಪ್ಯಾನಿಷಿನಲ್ಲೇನೋ ಕೇಳಿಸಿತು. ಅವಳ ಬೆನ್ನು ನೆಟ್ಟಗಾಯಿತು. ಚೀಟಿ ಬದಿಗಿಟ್ಟು ತನ್ನ ಭಾಷೆಯಲ್ಲೇ ಶುರುಮಾಡಿದಳು ನೋಡಿ, ಕೈಬೀಸಿ, ಮಧ್ಯೆ ನನ್ನನ್ನು ತೋರಿಸಿ. ಕೊನೆಗೆ ಇಬ್ಬರೂ ನಕ್ಕದ್ದು ನನಗೂ ಕೇಳಿಸಿತು.

ಫೋನಿಟ್ಟು ಹೇಳಿದಳು: "ಮೂರು ವಾರ ಕೊಟ್ಟಿದ್ದಾರೆ. ಹೀಗೆ ಸ್ಪ್ಯಾನಿಷಿನಲ್ಲಿ ಫೋನು ಮಾಡುವ ತಾಯಂದಿರು ಅಲ್ಲಿ ದಿನಾ ಇರ್ತಾರಂತೆ."

ಮೂರು ವಾರದೊಳಗೆ ಹೊಸ ಪ್ರತಿ ಮುಟ್ಟಿತು. ಈಸ್ಟರ್ ಕಳೆದ ಮೇಲೆ ಸೀಟು ಸಿಕ್ಕಿದ ಪತ್ರವೂ ಬಂತು. ದೇವರಿಗೆ ಸ್ತೋತ್ರ. ಮಗಳು ಹೊರಡುವವರೆಗೆ ಹಾಸ್ಟೆಲಿಗೆ, ಊಟಕ್ಕೆ, ಹತ್ತಿರದ ಇಗರ್ಜಿಗೆ ಎಂದು ಅವಳು ಆ ಕಾಲೇಜಿಗೆ ಎಷ್ಟು ಸಲ ಫೋನು ಮಾಡಿದಳೋ. ಗಂಡನನ್ನು ಕೇಳಲೇ ಇಲ್ಲ. ನನ್ನನ್ನು ಪ್ರತಿ ಸಲವೂ ಪಕ್ಕದಲ್ಲಿ ಕೂರಿಸಿಕೊಂಡಳು. ಕಾಗದ ಮಾತ್ರ ಒಂದನ್ನೂ ಮುಟ್ಟಗೊಡಲಿಲ್ಲ.