ಹೆಬ್ಬೆರಳಿನ ಕೆಳಗೆ ಒಂದು ಉಸಿರು

ಟಿಕ್, ಟಿಕ್. ರೋಗಿ ಉಸಿರು ಬಿಟ್ಟಾಗಲೆಲ್ಲ ವಾಲ್ವಿನ ತೆಳ್ಳಗಿನ ಬಿಲ್ಲೆ ಎದ್ದು ಕೂರುವ ಸದ್ದು. ಅರವತ್ತರ ದಶಕ, ಪುತ್ತೂರಿನ ನಮ್ಮ ಸಣ್ಣ ನರ್ಸಿಂಗ್ ಹೋಮಿಗೆ ಅನಸ್ತೇಷಿಯಾ ಮೆಷೀನು ಬಂದ ಹೊಸತು. ಅದನ್ನು ನಡೆಸಲು ಮದರಾಸಿನಲ್ಲಿ ಕಲಿತು ಬಂದ ನರ್ಸ್ ನಾನೊಬ್ಬಳೇ. ಅದಕ್ಕೂ ಮೊದಲು ಬಟ್ಟೆ ಸುತ್ತಿದ ತಂತಿಯ ಮಾಸ್ಕಿನ ಮೇಲೆ ಪ್ರಜ್ಞೆ ತಪ್ಪಿಸುವ ಈಥರ್ ತೊಟ್ಟಿಕ್ಕಿಸುತ್ತಿದ್ದೆವು. ಅರ್ಧ ರೋಗಿಗೆ, ಇನ್ನರ್ಧ ನಮ್ಮ ಮೂಗಿಗೆ. ಮೆಷೀನಿನಲ್ಲಿ ಹಾಗಲ್ಲ. ರಬ್ಬರಿನ ಬ್ಯಾಗು, ಸುಕ್ಕುಸುಕ್ಕಾದ ಉದ್ದ ಪೈಪು, ಮುಖದ ಹತ್ತಿರ ಆ ವಾಲ್ವು. ಬ್ಯಾಗು ಉಬ್ಬಿ ಇಳಿಯುವುದನ್ನು ನೋಡಿಯೇ ಉಸಿರು ಹೇಗಿದೆಯೆಂದು ಹೇಳಬಹುದಿತ್ತು. ಹೌ ಎಲಿಗೆಂಟ್, ಎಂದುಕೊಳ್ಳುತ್ತಿದ್ದೆ.

ಆಯುಧಪೂಜೆಯ ಮರುದಿನ ಕಾಣಿಯೂರು ಕಡೆಯ ಹಸುಗೂಸೊಂದನ್ನು ತಂದರು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು, ತಡಮಾಡಿದರೆ ಉಳಿಯುವಂತಿರಲಿಲ್ಲ. ಮೆಷೀನು ಚೆಕ್ ಮಾಡಿದರೆ ವಾಲ್ವು ಅಲುಗದು. ಪೂಜೆಯ ದಿನ ನಮ್ಮ ಆಯಾ ಅದಕ್ಕೂ ಧಾರಾಳವಾಗಿ ಗಂಧ ಮೆತ್ತಿದ್ದಳು. ಒಳಗೆಲ್ಲ ಒಣಗಿ ಅಂಟಿತ್ತು.

"ಅದೂ ಆಯುಧವೇ ಅಲ್ವಾ ಸಿಸ್ಟರಮ್ಮ? ಅದೊಂದನ್ನು ಬಿಡುದು ಹೇಗೆ?"

ಡಾಕ್ಟರು ಹಳೆಯ ಮಾಸ್ಕನ್ನೇ ತೆಗೆಯಲು ಹೇಳಿದರು. ನಾನು ಒಪ್ಪಲಿಲ್ಲ. ಹೊಟ್ಟೆ ಉಬ್ಬಿದ ಕೂಸು. ಉಸಿರು ಸೋತರೆ ಆ ಮಾಸ್ಕಿನಿಂದ ಗಾಳಿ ಊದಲು ಬರುವುದಿಲ್ಲ. ವಾಲ್ವು ಸರಿಯಿದ್ದರೂ ಅದನ್ನು ತಳ್ಳುವ ಶಕ್ತಿ ಅಷ್ಟು ಚಿಕ್ಕ ಎದೆಗೆಲ್ಲಿ, ಎಂದೆ. ಮೆಷೀನಿನ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದ ಟಿ-ಪೀಸ್ ಇತ್ತು, ಟಿ ಅಕ್ಷರದಂಥ ಪುಟ್ಟ ಕೊಳವೆ. ಒಂದು ಬಾಯಿಂದ ಗ್ಯಾಸ್ ಬರುತ್ತದೆ, ಇನ್ನೊಂದು ಮಗುವಿಗೆ, ಮೂರನೆಯದು ಬಯಲಿಗೆ. ವಾಲ್ವಿಲ್ಲ, ಬ್ಯಾಗಿಲ್ಲ, ಸೋ ಸಿಂಪಲ್.

"ಇದರಲ್ಲಿ ಉಸಿರು ಕೊಡುದು ಹೇಗೆ ಸಿಸ್ಟರ್?"

"ನನ್ನ ಹೆಬ್ಬೆರಳು ಉಂಟಲ್ಲ ಡಾಕ್ಟ್ರೆ."

ನಾನು ಓದಿದ ಕಾನ್ವೆಂಟಿನ ಮದರ್ ಕೇಳಿದ್ದರೆ ಎಂಥ ಉದ್ಧಟತನ, ಇಂಪರ್ಟಿನೆನ್ಸ್ ಎನ್ನುತ್ತಿದ್ದರು.

ಆಪರೇಷನ್ನಿನ ಮಧ್ಯೆ ಮಗುವಿನ ಉಸಿರು ಸಣ್ಣದಾಯಿತು, ತುಟಿ ನೀಲಿಗಟ್ಟಿತು. ಬಯಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿದೆ, ಎದೆ ಉಬ್ಬಿತು. ಬಿಟ್ಟೆ, ಇಳಿಯಿತು. ಮತ್ತೆ ಮುಚ್ಚಿದೆ. ಡಾಕ್ಟರು ತಮ್ಮ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತ ನಿಂತರು. ತುಟಿಗೆ ಬಣ್ಣ ಬಂತು.

"ನೀವು ಹೇಳಿ ಸಿಸ್ಟರ್, ಮತ್ತೆ ಮುಂದುವರಿಸ್ತೇನೆ."

ಥಿಯೇಟರಿನಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವರಲ್ಲ ಅವರು. ಈಗಲೂ ನೆನೆದರೆ ನನ್ನ ಬಾಗಿದ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಮಗುವನ್ನು ಡಿಸ್ಚಾರ್ಜ್ ಮಾಡಿದ ದಿನ, ಮಾರ್ಕೆಟಿಗೆ ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಮನೆಯವರನ್ನು ಕಂಡೆ. ಅಜ್ಜಿಯ ತೋಳಿನಲ್ಲಿ ಮಗು ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. "ಎಂತ ಸ್ವರ ಮಾರಾಯ್ರೆ ಇದರದ್ದು, ನನ್ನ ಸೀಟಿಯೇ ಕೇಳುದಿಲ್ಲ" ಎಂದು ಕಂಡಕ್ಟರ್ ಗೊಣಗಿದ. ಆ ಸ್ವರದಲ್ಲಿ ನನಗೂ ಪಾಲುಂಟು ಎಂದು ಅವನಿಗೆ ಹೇಳುವ ಆಸೆಯಾಯಿತು. ಅಷ್ಟರಲ್ಲಿ ಬಸ್ಸು ಹೊರಟಿತು, ತಿರುವು ದಾಟುವವರೆಗೂ ಅಳು ಕೇಳುತ್ತಲೇ ಇತ್ತು. ಆ ಮಗುವನ್ನು ನಾನು ಕಂಡದ್ದು ಅದೇ ಕೊನೆ.