ಪಂಕ್ತೀಲಿ ಚಾಚಿದ ಕಾಲು

"ನಿನ್ ಕೈಲಿ ನೆಲದ ಮೇಲೆ ಕೂರಕ್ಕಾಗಲ್ಲ ಕಣಪ್ಪ, ಅಲ್ಲಿ ಕುರ್ಚಿ ಹಾಕ್ಸಿದೀನಿ," ಅಂದ್ರು ನಮ್ ಮಾವ. ಭೀಮನಬೀಡಲ್ಲಿ ಅವರ ಮೊಮ್ಮಗಳ ನಾಮಕರಣದ ಊಟ. ನಾನು ಬೇಗೂರು ಹತ್ರ ಬೈಕಿಂದ ಬಿದ್ದು, ದೊಡ್ಡ ಆಪರೇಶನ್ ಆಗಿ, ತೊಡೇಲಿ ರಾಡ್ ಹಾಕಿಸ್ಕೊಂಡು ಎಂಟು ತಿಂಗ್ಳು ಮಂಚದ ಮೇಲೆ ಒಬ್ನೇ ಉಂಡಿದ್ದೆ. ಸಾಕಾಗೋಗಿತ್ತು. ಗೋಡೆ ಹಿಡ್ಕೊಂಡು ಎಲ್ರ ಜೊತೆ ಪಂಕ್ತೀಲೇ ಕೂತ್ಬುಟ್ಟೆ. ಮಂಡಿ ಮಡಚಲಿಲ್ಲ, ಕಾಲು ಬಡಿಸೋರ ದಾರಿಗೆ ಅಡ್ಡ ಚಾಚ್ಕೊಂತು. ಎಲೆ ಮುಂದೆ ಕಾಲು ಚಾಚೋದು ನಮ್ಮಲ್ಲಿ ತಪ್ಪು. ಎಲ್ರೂ ನನ್ನೇ ನೋಡಿದ್ರು.

ಸಾರಿನ ಬಕೆಟ್ ಹಿಡ್ಕೊಂಡು ಬಂದ ದೊಡ್ಡವ್ವ ನಿಂತು, "ನಾನು ಸುತ್ತಾಕ್ಕೊಂಡು ಓಯ್ತೀನಿ ಕಣ್ಲಾ. ನೀ ಎದ್ದೀಯಾ, ಸೌಟಲ್ಲಿ ಬಾರಿಸ್ತೀನಿ!" ಅಂದ್ರು.

ಉಂಡಾದ್ಮೇಲೆ ಇಬ್ರು ಕೈ ಕೊಟ್ಟು ಎತ್ಬೇಕಾಯ್ತು. ಎತ್ಲಿ ಬುಡಿ. ಮುಂದಿನ ಊಟಕ್ಕೂ ನಾನು ನೆಲದ ಮೇಲೇ ಕೂರೋನು.