ನಸುಕಿನ ಹೊಲಿಗೆ

ಬೆಳಕು ಹರಿಯುವ ಮೊದಲೇ ನೀರು ತುಂಬಿಸಿ, ಊಟದ ಡಬ್ಬಿ ಕಟ್ಟಿ, ದರ್ಜಿಯಮ್ಮ ಮಗಳ ಮಂಚದ ಪಕ್ಕ ಹೊಲಿಗೆ ಮಿಷನ್ನಿಗೆ ಕೂರುತ್ತಿದ್ದಳು. ಮಗಳು ಶಾಲೆಗೆ ಹೋದ ಮೇಲೆ ಗಂಡನ ಅಂಗಿಗೆ ಇಸ್ತ್ರಿ. ಅವಳ ಅಮ್ಮನೂ ಹಾಗೇ ಹೊಲಿದವಳು. ಚಿಕ್ಕಂದಿನಲ್ಲಿ ಆ ಟಕಟಕ ಸದ್ದಿಗೆ ಎದ್ದು ಅಮ್ಮನಿಗೆ ಗುಂಡಿ ಆರಿಸಿಕೊಟ್ಟ ಬೆಳಗುಗಳೆಂದರೆ ಅವಳಿಗೆ ಇಂದಿಗೂ ಪ್ರಾಣ. ಆಮೇಲೆ ಶಾಲೆಯಲ್ಲಿ ತೂಕಡಿಸಿ ಬೈಸಿಕೊಂಡಿದ್ದು ಮರೆತೇಹೋಗಿತ್ತು.

ಮಗಳಿಗೆ ಎಡಿಎಚ್‌ಡಿ. ಅವಳು ಮಲಗಿದ, ಎದ್ದ ವೇಳೆ ಬರೆದಿಟ್ಟ ಪುಸ್ತಕ ನೋಡಿ ಡಾಕ್ಟರಮ್ಮ, "ದಿನಾ ನಾಲ್ಕೂವರೆಗೇ ಎಚ್ಚರ ಆಗ್ತಿದೆ. ನಿದ್ದೆ ಅರ್ಧವಾದ್ರೆ ಪಾಠದ ಮೇಲೆ ಗಮನ ಇಡೋದು ಇನ್ನೂ ಕಷ್ಟ ಕಣಮ್ಮಾ" ಎಂದರು. ನಾಲ್ಕೂವರೆ ಅವಳು ಮಿಷನ್ನಿಗೆ ಕೂರುವ ಹೊತ್ತು.

"ಮಿಷನ್ ಹಾಲ್‌ಗೆ ತರ್ಲಾ?" ಎಂದು ಕೇಳಿದರೆ ಗಂಡ, "ಅಲ್ಲಿ ಮಲಗೋನು ನಾನು. ನನ್ನ ನಿದ್ದೆ ಕೆಡಲ್ವಾ?" ಎಂದ.

ಮರುದಿನ ನಸುಕಿಗೆ ಅವಳೊಬ್ಬಳೇ ಎದ್ದು ಮಿಷನ್ನಿಗೆ ಬಟ್ಟೆ ಹೊದಿಸಿದಳು. ಹೊಲಿಗೆ ಇನ್ನು ಇಸ್ತ್ರಿಯ ಹೊತ್ತಿಗೆ. ಇಸ್ತ್ರಿ ಕೆಲಸ ಇನ್ನು ಅಂಗಿ ತೊಡುವವನ ಪಾಲಿಗೆ. ಮಗಳ ಪಕ್ಕ ಮೆಲ್ಲಗೆ ಮಲಗಿಕೊಂಡಳು.